ಹುಣಸೆಹಣ್ಣು ಹಚ್ಚಿದ ಸೆಂಟ್

ಇಂಥ ಕಥೆಗಳನ್ನು ಯಾರಾದರೂ ಹೇಳಿದರೆ ನಾನು ಮುಖದ ಮೇಲೆಯೇ ನಗುತ್ತಿದ್ದೆ. ಆಸ್ಟಿನ್‌ನಲ್ಲಿ ಚಿಪ್ ಡಿಸೈನ್ ಮಾಡುವವಳು, ರಜೆಯೆಲ್ಲ ಅಮೆರಿಕದ ಮೊದಲ ಟಂಕಸಾಲೆಯ ಚರಿತ್ರೆ ಕೆದಕುವವಳು. ಭೂತಗನ್ನಡಿಯಲ್ಲಿ ಕಂಡದ್ದನ್ನು ಮಾತ್ರ ನಂಬುವ ಜಾತಿ ನನ್ನದು. ಈಗ ನಗುವ ಸರದಿ ನಿಮ್ಮದು.

ಆ ಕಾಲದ ಅಚ್ಚುಗಳನ್ನು ಕೈಯಲ್ಲೇ ಕೆತ್ತುತ್ತಿದ್ದರು. ಒಂದು ಅಚ್ಚು ಬಿರುಕು ಬಿಟ್ಟ ಮೇಲೂ ಅದರಲ್ಲೇ ನಾಣ್ಯ ಒತ್ತಿದ್ದಾರೆ ಎಂಬುದು ನನ್ನ ವಾದ. ಅಚ್ಚಿನ ಬಿರುಕು ನಾಣ್ಯದ ಮೇಲೆ ಉಬ್ಬಿದ ಗೆರೆಯಾಗಿ ಮೂಡುತ್ತದೆ; ಆ ಗೆರೆ ಆಗತಾನೇ ಶುರುವಾದ ಒಂದು ನಾಣ್ಯ ಸಿಕ್ಕರೆ ವಾದ ಗೆದ್ದಂತೆ. ಡಲ್ಲಾಸ್‌ನ ನಾಣ್ಯ ಸಂಗ್ರಾಹಕರ ಸಭೆಯಲ್ಲಿ ಅದನ್ನು ಮಂಡಿಸಬೇಕಿತ್ತು. ಅಲ್ಲೇ ಹತ್ತಿರದ ಪ್ಲೇನೋದಲ್ಲಿರುವ ಧಾರವಾಡದ ಡಾಕ್ಟರ್ ಅಂಕಲ್ ತಮ್ಮಲ್ಲಿದ್ದ ಆ ಕಾಲದ ದೊಡ್ಡ ತಾಮ್ರದ ಸೆಂಟ್ ನಾಣ್ಯವನ್ನು ನನ್ನನ್ನು ನಂಬಿ ಕೊಟ್ಟಿದ್ದರು. ಕಂದುಗಪ್ಪು ಹಿಡಿದ ಅದರಲ್ಲಿ ಎಷ್ಟು ನೋಡಿದರೂ ಬಿರುಕು ಕಾಣಲಿಲ್ಲ.

ದೀಪಾವಳಿ ಅಮಾವಾಸ್ಯೆಯ ಸಂಜೆ ಆಫೀಸಿನಿಂದ ಬಂದೆ. ಲಕ್ಷ್ಮೀಪೂಜೆಯ ತಟ್ಟೆಯಲ್ಲಿ, ಬೆಳ್ಳಿ ನಾಣ್ಯಗಳ ನಡುವೆ ಆ ಸೆಂಟ್ ಹೊಸ ಚೊಂಬಿನ ಹಾಗೆ ಹೊಳೆಯುತ್ತಿತ್ತು. ಮೈಸೂರಿನಿಂದ ಬಂದಿದ್ದ ಅಮ್ಮ ಹುಣಸೆಹಣ್ಣು ಹಚ್ಚಿ ಉಜ್ಜಿದ್ದರು. ನಾಣ್ಯದ ಮೇಲಿನ ಹೆಣ್ಣಿನ ಮುಖವನ್ನು ದೇವಿ ಎಂದುಕೊಂಡಿದ್ದರಂತೆ; ಕೂದಲು ಕೆದರಿಕೊಂಡದ್ದೊಂದು ಹಿಡಿಸಲಿಲ್ಲವಂತೆ. ಹಳೆಯ ತಾಮ್ರದ ನಾಣ್ಯವನ್ನು ಉಜ್ಜಿದರೆ ಅದರ ಬೆಲೆಯೇ ಹೋಯಿತು ಎಂದು ಸಂಗ್ರಾಹಕರಿಗೆಲ್ಲ ಗೊತ್ತು. ಅಂಕಲ್‌ಗೆ ಹೇಗೆ ಮುಖ ತೋರಿಸಲಿ ಎಂದು ಅಳುತ್ತಲೇ ಅದನ್ನು ಎತ್ತಿಕೊಂಡೆ. ಆಗ ಕಂಡಿತು, ಹೆಣ್ಣಿನ ಹಣೆಯಿಂದ ಅಂಚಿನವರೆಗೆ ಕೂದಲೆಳೆಯಷ್ಟು ತೆಳ್ಳಗೆ ಉಬ್ಬಿದ ಗೆರೆ. ನಾನು ಹುಡುಕುತ್ತಿದ್ದ ಬಿರುಕಿನ ಗುರುತು ಅದೇ. ನಾಣ್ಯವನ್ನು ಡಬ್ಬಿಯಲ್ಲಿಟ್ಟು ಮುಚ್ಚಿದೆ.

ಶನಿವಾರ ಪ್ಲೇನೋಗೆ ಡ್ರೈವ್ ಮಾಡಿಕೊಂಡು ಹೋಗಿ, ನಡೆದದ್ದನ್ನೆಲ್ಲ ಹೇಳಿ, ಡಬ್ಬಿಯನ್ನು ಅಂಕಲ್ ಕೈಗೇ ಕೊಟ್ಟೆ. ಅವರು ತೆರೆದು ನೋಡಿ, ಆಮೇಲೆ ನನ್ನ ಮುಖ ನೋಡಿದರು.

"ಇದಕ್ಕೇನ್ ಆಗೇದವಾ? ನಾ ಹೆಂಗ ಕೊಟ್ಟಿದ್ನೋ ಹಂಗ ಅದ."

ಅದೇ ಕಂದುಗಪ್ಪು. ಉಜ್ಜಿದ ಗುರುತೇ ಇಲ್ಲ. ಹಣೆಯ ಹತ್ತಿರ ನೋಡಿ ಎಂದೆ. ನಾಣ್ಯವನ್ನು ಬೆಳಕಿಗೆ ಓರೆಯಾಗಿ ಹಿಡಿದು ಭೂತಗನ್ನಡಿಯಲ್ಲಿ ಬಹಳ ಹೊತ್ತು ನೋಡಿದರು. ಗೆರೆ ಇತ್ತು, ನಾನು ಹೇಳಿದ ಜಾಗದಲ್ಲೇ.

ಸಭೆ ನನ್ನ ವಾದವನ್ನು ಒಪ್ಪಿತು. ಅವರದೇ ದೇಶದ ಅಚ್ಚಿನ ಬಗ್ಗೆ ಅವರಿಗೆ ಗೊತ್ತಿಲ್ಲದ್ದನ್ನು ಮೈಸೂರಿನವಳೊಬ್ಬಳು ಹೇಳಿದ್ದಳು. ಆ ಹೆಮ್ಮೆ ಇವತ್ತಿಗೂ ಇಳಿದಿಲ್ಲ, ಇಳಿಸಿಕೊಳ್ಳುವ ಮನಸ್ಸೂ ನನಗಿಲ್ಲ. ಹೇಗೆ ಕಂಡುಹಿಡಿದೆ ಎಂದು ಕೇಳಿದವರಿಗೆ ಮಾತ್ರ ನನ್ನ ಭೂತಗನ್ನಡಿ ತೋರಿಸುತ್ತೇನೆ.

ಆ ಶನಿವಾರ ಪ್ಲೇನೋದಿಂದ ಮನೆಗೆ ಬಂದು ಅಮ್ಮನಿಗೆ, ನಾಣ್ಯ ಮೊದಲಿದ್ದ ಹಾಗೆಯೇ ಇದೆ, ಅದನ್ನು ಯಾರೂ ಉಜ್ಜಿಲ್ಲ ಎಂದೆ. ಅವರಿಗೆ ಸಿಟ್ಟೇ ಬಂತು.

"ಹಾಗಾದ್ರೆ ಅವತ್ತು ನಾನು ಉಜ್ಜಿದ್ದು ಯಾವುದನ್ನೇ?"

ಈಗಲೂ ಆಗಾಗ ಕೇಳುತ್ತಾರೆ. ನನಗೆ ಗೊತ್ತಿಲ್ಲ.