ಕಟ್ಟಿದ ಕೈ

ನಾನು ಚಿಕ್ಕವನಿದ್ದಾಗ ನಮ್ಮ ಬ್ಯಾಡಗಿಯ ಶಾಲೆಯಲ್ಲಿ ಮಗ್ಗಿ ಒಪ್ಪಿಸುವವರು ಎದ್ದು ನಿಂತು, ಕೈ ಕಟ್ಟಿಕೊಂಡು ಹೇಳಬೇಕಿತ್ತು. ಕೈ ಕಟ್ಟಿದ ಕೂಡಲೇ ನನ್ನ ಬಾಯಿಯೂ ಕಟ್ಟುತ್ತಿತ್ತು. ಹದಿನೇಳರ ಮಗ್ಗಿ ಅರ್ಧಕ್ಕೇ ಎಲ್ಲೋ ಹೋಗಿಬಿಡುತ್ತಿತ್ತು. ಮಾಸ್ತರು ನನ್ನನ್ನು ‘ತೂತು ಕೊಡ’ ಎಂದೇ ಕರೆಯುತ್ತಿದ್ದರು. ಆ ಮಾತು ನೆನಪಾದರೆ ಈಗಲೂ ಮೈ ಉರಿಯುತ್ತದೆ.

ಮನೆಯಲ್ಲಿ ಹಾಗಿರಲಿಲ್ಲ. ಸಂಜೆ ಅಕ್ಕ ಮತ್ತು ನಾನು ಅಂಗಳದಲ್ಲಿ ಕುಳಿತು ಒಣಮೆಣಸಿನಕಾಯಿಯ ತೊಟ್ಟು ಬಿಡಿಸುತ್ತಿದ್ದೆವು. ಎದುರಿಗೆ ಕೆಂಪು ರಾಶಿ, ಮೂಗಿಗೆ ಘಾಟು, ಬೆರಳಿಗೆ ಉರಿ. ಅಕ್ಕ ಕೇಳುತ್ತಿದ್ದಳು, ನಾನು ಹೇಳುತ್ತಿದ್ದೆ. ಒಂದು ತೊಟ್ಟು ಮುರಿದರೆ ಮಗ್ಗಿಯ ಒಂದು ಸಾಲು ತಾನಾಗಿ ಬರುತ್ತಿತ್ತು. ಅಕ್ಕನಿಗೆ ಅದೂ ಬೇಡ, ಕಿವಿಗೆ ಒಮ್ಮೆ ಬಿದ್ದರೆ ಸಾಕು. ಅಂಥವಳನ್ನು ಶಾಲೆ ಬಿಡಿಸಿ ಕೆಲಸಕ್ಕೆ ಹಚ್ಚಿದ್ದರು.

ಒಂದು ದಿನ ಮಾಸ್ತರು ಅಪ್ಪನನ್ನು ಕರೆಸಿದರು. ಹಿಂದೆಯೇ ಅಕ್ಕನೂ ಬಂದಳು. ಬಿಡಿಸುತ್ತಿದ್ದ ಕಾಯಿಗಳು ಅವಳ ಉಡಿಯಲ್ಲೇ ಇದ್ದವು.

“ಇವನ ತಲ್ಯಾಗ ಏನೂ ನಿಲ್ಲಂಗಿಲ್ಲ. ನಿಮ್ಮ ಕೂಡ ಕರಕೊಂಡು ಹೋಗ್ರಿ,” ಎಂದು ಮಾಸ್ತರು ಮೂಗಿಗೆ ನಶ್ಯ ಏರಿಸಿದರು.

ಅಪ್ಪ ನನ್ನತ್ತ ತಿರುಗಿದ. “ನನ್ನ ಮುಂದ ಈಗ ಮಗ್ಗಿ ಹೇಳು. ಬರಲಿಲ್ಲಂದ್ರ ನಾಳಿಂದ ನನ್ನ ಕೂಡ ಮೆಣಸಿನಕಾಯಿ ಚೀಲ ಹೊರಾಕ ಬಾ.”

ಕೈ ಕಟ್ಟಿ ನಿಂತೆ. ಹದಿನೇಳು ಅನ್ನುವಷ್ಟರಲ್ಲೇ ಮಗ್ಗಿ ಹೋಗಿಬಿಟ್ಟಿತು. ಹಿಂದಿನ ಸಾಲಿನವರು ಕಿಸಕ್ಕನೆ ನಕ್ಕರು.

“ಮಾಸ್ತರ, ಅವನ ಕೈ ಬಿಡಸ್ರಿ,” ಅಂದಳು ಅಕ್ಕ.

“ಬಾಯಿಲೆ ಹೇಳೋ ಮಗ್ಗಿಗೆ ಕೈ ಯಾಕವ್ವಾ?”

“ಪಾಠ ಹೇಳಾಕ ನಿಮಗ ನಶ್ಯ ಯಾಕ್ರಿ? ಹಂಗ.”

“ಏ, ಬಾಯಿ ಮುಚ್ಚು,” ಎಂದು ಅಪ್ಪ ಗದರಿದ. ಅಕ್ಕ ಬಾಯಿ ಮುಚ್ಚಿದಳು, ಉಡಿ ಬಿಚ್ಚಿದಳು. ಕಾಯಿಗಳನ್ನು ನನ್ನ ಬೊಗಸೆಗೆ ಸುರಿದಳು.

ಒಂದರ ತೊಟ್ಟು ಮುರಿದೆ. ಹದಿನೇಳೊಂದ್ಲೆ ಹದಿನೇಳು. ಇನ್ನೊಂದು ಮುರಿದೆ. ಮಗ್ಗಿ ಎಲ್ಲೂ ಹೋಗಿರಲಿಲ್ಲ, ಬೆರಳಲ್ಲೇ ಕೂತಿತ್ತು. ಕೊನೆಯ ಸಾಲಿಗೆ ಬರುವಷ್ಟರಲ್ಲಿ ಇಡೀ ತರಗತಿ ಸೀನುತ್ತಿತ್ತು. ಬೆವರು ಒರೆಸಲು ಹೋಗಿ ಮೆಣಸಿನಕಾಯಿ ಕೈ ಕಣ್ಣಿಗೆ ತಗಲಿತು.

“ಅಳಬ್ಯಾಡೋ, ಬಂತಲ್ಲ,” ಅಂದ ಅಪ್ಪ. ನಾನು ಅಳುತ್ತಿರಲಿಲ್ಲ.

ಮಾಸ್ತರು ಶಾಭಾಸ್ ಅನ್ನಲಿಲ್ಲ. “ಪರೀಕ್ಷೆಗೆ ಮೆಣಸಿನಕಾಯಿ ತರಾಕ ಬಿಡಂಗಿಲ್ಲ,” ಅಂದರು, ಅಷ್ಟೇ.

ನಾನು ಶಾಲೆಯಲ್ಲಿ ಉಳಿದೆ. ಪರೀಕ್ಷೆಗಳನ್ನೆಲ್ಲ ಎಡಗೈಯಲ್ಲಿ ಇಲ್ಲದ ತೊಟ್ಟು ಮುರಿಯುತ್ತಲೇ ಬರೆದೆ. ನಮ್ಮ ಮನೆತನದಲ್ಲಿ ಮೊದಲು ಬಿ.ಎ. ಆದವನು ನಾನು. ಎದೆ ತಟ್ಟಿಯೇ ಹೇಳುತ್ತೇನೆ. ಆದರೆ ಅಂದು ಅದೇ ಮಗ್ಗಿಯನ್ನು ನನಗಿಂತ ಚೆನ್ನಾಗಿ ಬಲ್ಲ ಅಕ್ಕ ಮತ್ತೆ ರಾಶಿಯ ಮುಂದೆ ಹೋಗಿ ಕೂತಳು. ನಿನಗೂ ಬರುತ್ತದೇನವ್ವಾ ಎಂದು ಒಬ್ಬರೂ ಕೇಳಲಿಲ್ಲ. ಈ ಸಿಟ್ಟು ಮಾತ್ರ ನನಗೆ ಆರಿಲ್ಲ.

ಮೊಮ್ಮಕ್ಕಳೇ, ನಮ್ಮ ಶಾಲೆಗೆ ಸಗಣಿ ಸಾರಿಸಿದ ನೆಲವಿತ್ತು. ರಾಣೇಬೆನ್ನೂರಿನ ನಿಮ್ಮ ಶಾಲೆಯಲ್ಲಿ ಫ್ಯಾನ್ ಇದೆ, ಕಂಪ್ಯೂಟರ್ ಇದೆ. ಆದರೂ ಮೊನ್ನೆ ನಮ್ಮ ಸಣ್ಣವಳನ್ನು ಟೀಚರ್ ‘ದಡ್ಡಿ’ ಅಂದರಂತೆ, ನಿಂತಲ್ಲಿ ನಿಂತು ಪದ್ಯ ಹೇಳಲು ಬರುವುದಿಲ್ಲವೆಂದು. ಮನೆಯಲ್ಲಿ ಜೋಕಾಲಿ ಜೀಕುತ್ತ ಅದೇ ಪದ್ಯವನ್ನು ಅವಳು ಒಂದಕ್ಷರ ತಪ್ಪದೆ ಹೇಳುತ್ತಾಳೆ.

ಸೋಮವಾರ ನಾನು ನಿಮ್ಮ ಶಾಲೆಗೆ ಬರುತ್ತೇನೆ. ಅಕ್ಕನನ್ನೂ ಕರೆತರುತ್ತೇನೆ. ಅವಳಿಗೀಗ ಹಲ್ಲಿಲ್ಲ, ಬಾಯಿ ಹಾಗೇ ಇದೆ.