ಅರಿಶಿನದ ಫೋಟೋ

ಮೊನ್ನೆ ಕುಣಿಗಲ್‌ಗೆ ಮನೆ ಬದಲಾಯಿಸುವಾಗ ನನ್ನ ಇಂಜಿನಿಯರಿಂಗ್ ಪ್ರಾಜೆಕ್ಟ್ ರಿಪೋರ್ಟ್ ಸಿಕ್ಕಿತು. ರಟ್ಟಿನ ಮೇಲೆ ಹಳದಿ ಹೆಬ್ಬೆಟ್ಟಿನ ಗುರುತು. ಹೂವಮ್ಮನದೇ...

ಗೂಳೂರಿನಿಂದ ಬೆಳಗಿನ ಬಸ್ಸಿಗೆ ಬಂದು, ತುಮಕೂರಿನ ನಮ್ಮ ಬೀದಿಯಲ್ಲಿ ಬರಿಗಾಲಲ್ಲಿ ಹೂ ಮಾರುತ್ತಿದ್ದವರು. ನಿಜವಾದ ಹೆಸರು ನಾವು ಕೇಳಿದ್ದೇ ಇಲ್ಲ. ಮೊಳ ಹಾಕುವಾಗ ಕೈ ಧಾರಾಳ, ಮಾತು ಅದಕ್ಕಿಂತ ಧಾರಾಳ. ಅವರ ಹಿಮ್ಮಡಿಯ ಪಕ್ಕ ಒಂದು ಕಪ್ಪು ಮಚ್ಚೆಯಿತ್ತು. ಮುಳ್ಳು ಮುರಿದದ್ದು ಎನ್ನುತ್ತಿದ್ದರು. ಅದು ಹರಡುತ್ತಿರುವುದು ನನಗೇ ಕಾಣುತ್ತಿತ್ತು. ಆಸ್ಪತ್ರೆಗೆ ಹೋದರೆ ಕಾಲು ಕತ್ತರಿಸುತ್ತಾರೆ, ಕಾಲು ಹೋದರೆ ವ್ಯಾಪಾರವೂ ಹೋಯಿತು ಎಂಬ ಹೆದರಿಕೆ ಅವರಿಗೆ.

ಚರ್ಮದ ಫೋಟೋ ನೋಡಿ ಕ್ಯಾನ್ಸರಿನಂಥ ಅಪಾಯದ ಮಚ್ಚೆಯನ್ನು ಗುರುತಿಸುವ ಪ್ರೋಗ್ರಾಂ ಬರೆಯುವುದೇ ನನ್ನ ಪ್ರಾಜೆಕ್ಟ್. "ನಾಳೆ ನಿಮ್ಮ ಕಾಲಿಂದು ಒಂದು ಫೋಟೋ ತೆಗೀತೀನಿ" ಎಂದೆ. ಡಾಕ್ಟರಿಗೆ ಒಪ್ಪದವರು ಲ್ಯಾಪ್‌ಟಾಪಿಗೆ ಒಪ್ಪಿದರು.

ಮರುದಿನ ಶುಕ್ರವಾರ. ಫೋಟೋ ಅಂದಮೇಲೆ ಚೆನ್ನಾಗಿ ಕಾಣಬೇಡವೇ? ಹೂವಮ್ಮ ಪಾದದ ತುಂಬ ಗಟ್ಟಿಯಾಗಿ ಅರಿಶಿನ ಬಳಿದುಕೊಂಡು ಬಂದು, ಜಗಲಿಯ ಮೇಲೆ ಕಾಲು ಚಾಚಿ ಕೂತರು. ಪ್ರೋಗ್ರಾಂ ಹಸಿರು ಅಕ್ಷರದಲ್ಲಿ ‘ತೊಂದರೆಯಿಲ್ಲ’ ಎಂದಿತು. ನಾನು ಬೀಗಿದೆ. ಅಮ್ಮ ಇಣುಕಿ ನೋಡಿ, "ನೀನು ಅರಿಶಿನದ ಫೋಟೋ ತೆಗೆದಿದೀಯ ಕಣೇ, ಕಾಲಿಂದಲ್ಲ" ಎಂದಳು. ಕಾಲು ತೊಳೆಯಿರಿ ಎಂದರೆ ಹೂವಮ್ಮ ಜಪ್ಪಯ್ಯ ಅಂದರೂ ಒಪ್ಪಲಿಲ್ಲ.

"ಸುಕ್ರವಾರ ಮುತ್ತೈದೆ ಕಾಲಿನ ಅರಿಶ್ಣ ತೊಳೀತಾರೇನವ್ವ? ನಾಳಿಕ್ ಬತ್ತೀನಿ ಬುಡು."

ಅಲ್ಲಿಯವರೆಗೆ ನನಗೆ ಊಟ ರುಚಿಸಲಿಲ್ಲ. ಶನಿವಾರ, ತೊಳೆದ ಕಾಲಿಗೆ ಅದೇ ಪ್ರೋಗ್ರಾಂ ಕೆಂಪು ಅಕ್ಷರ ತೋರಿಸಿತು. ಅಮ್ಮ ಹೂವಮ್ಮನ ಕೈ ಹಿಡಿದು ಆಸ್ಪತ್ರೆಗೆ ಕರೆದುಕೊಂಡು ಹೋದಳು. ಡಾಕ್ಟರು ಪರೀಕ್ಷೆ ಮಾಡಿಸಿ, ಆ ಜಾಗವನ್ನಷ್ಟೇ ಆಪರೇಷನ್ ಮಾಡಿ ತೆಗೆದರು. ಸರಿಯಾದ ಸಮಯಕ್ಕೆ ಬಂದಿರಿ, ಕಾಲು ಉಳಿಯಿತು ಎಂದರು.

ಎರಡು ತಿಂಗಳಾದ ಮೇಲೆ ಹೂವಮ್ಮ ಮತ್ತೆ ಬಂದರು, ಹೊಸ ಚಪ್ಪಲಿ ಮೆಟ್ಟಿಕೊಂಡು. ಅವತ್ತೂ ಕೈಕಾಲಿಗೆ ಅರಿಶಿನ. ರಿಪೋರ್ಟನ್ನು ಕೈಗೆತ್ತಿಕೊಂಡು, ಅದರಲ್ಲಿ ತಮ್ಮ ಪಾದ ಕಂಡು, "ಎಲ್ರುದೂ ಮಕ ಅಚ್ಚಾದ್ರೆ ನಂದು ಕಾಲು ಅಚ್ಚಾಗೈತೆ" ಎಂದು ನಕ್ಕರು. ಎರಡು ಮೊಳ ಮಲ್ಲಿಗೆ ಕೊಟ್ಟು, "ನಿನ್ ಮಿಸೀನ್ಗೆ ಮುಡ್ಸವ್ವ" ಎಂದರು. ಮುಡಿಸಿದೆ.

ಹೋದ ವರ್ಷ ಹೂವಮ್ಮ ತೀರಿಕೊಂಡರು. ವಯಸ್ಸಾಗಿತ್ತು. ಆ ವಾರವೂ ನಡೆದೇ ಹೂ ಮಾರಿದ್ದರಂತೆ...

ಈಗ ಅಂಥ ಆ್ಯಪ್ ನನ್ನ ಫೋನಿನಲ್ಲೇ ಇದೆ. ತಮಾಷೆಗೆ ಆ ಹಳದಿ ಗುರುತಿನ ಫೋಟೋ ತೆಗೆದೆ. ‘ಚರ್ಮ ಕಾಣುತ್ತಿಲ್ಲ, ತೊಳೆದು ಮತ್ತೆ ತೆಗೆಯಿರಿ’ ಎಂದಿತು. ನಗು ಬಂತು, ಅದರ ಹಿಂದೆಯೇ ದುಃಖವೂ. ನಾಳಿಕ್ ಬತ್ತೀನಿ ಬುಡು ಎನ್ನಲು ಅವರಿಲ್ಲ.