ಅಳಿಗುಳಿ ಮಣೆಯ ಹುಣಸೆ ಬೀಜ

ಚಿಕ್ಕಪ್ಪ ಹುಣಸೆಮರ ಕಡಿಸಿದ ಸುದ್ದಿ ನನಗೆ ಮದ್ದೂರಿನ ಬಸ್ಸಿನಲ್ಲಿ ಸಿಕ್ಕಿತು. ಹನಕೆರೆ ಪಕ್ಕದ ನಮ್ಮ ಹೊಲಕ್ಕೆ ಓಡಿ ಬರುವಷ್ಟರಲ್ಲಿ ಜೆಸಿಬಿ ಬುಡವನ್ನೂ ಕಿತ್ತು ಗುಂಡಿ ಮುಚ್ಚಿ ಹೋಗಿತ್ತು. ಅಣ್ಣತಮ್ಮಂದಿರು ಪಾಲಾದಾಗ ಮರ ಅವನ ಕಡೆಗೆ ಹೋಗಿತ್ತು, ಕಡಿಸುವ ಹಕ್ಕು ಅವನದೇ. ಹಕ್ಕಂತೆ ಹಕ್ಕು! ಆ ಮರದ ಬುಡದಲ್ಲಿ ನನ್ನ ತಂಗಿಯನ್ನು ಹೂತಿದ್ದರು. ಹೆಸರಿಡುವ ಮೊದಲೇ ತೀರಿಕೊಂಡ ಕೂಸು. ಒಂದು ಫೋಟೊ ಇಲ್ಲ, ಜಾತಕ ಇಲ್ಲ. ಅವ್ವನಿಗೆ ಆ ಮರವೇ ಮಗಳು.

ಅವ್ವ ಅಳಲಿಲ್ಲ. ಅಟ್ಟದಿಂದ ಅಳಿಗುಳಿ ಮಣೆ ಇಳಿಸಿ, ಜೊತೆಗಿದ್ದ ಬಟ್ಟೆಚೀಲವನ್ನು ಮಡಿಲಿಗೆ ಸುರಿದುಕೊಂಡಳು. ಆಟಕ್ಕೆಂದು ಎತ್ತಿಟ್ಟಿದ್ದ ಒಂದು ಹಿಡಿ ಹುಣಸೆ ಬೀಜ, ಅದೇ ಮರದ್ದು.

"ಒಂದ್ ಗಿಡ ಬಂದ್ರೂ ಸಾಕು ಕಣ್ಲಾ. ನಮ್ ಒಲದ್ ಬದಿನ್ ಮೇಲೆ ನೆಡನ," ಎಂದಳು.

ಮಳವಳ್ಳಿಯ ನರ್ಸರಿಯಲ್ಲಿ ಕೇಳಿಕೊಂಡು ಬಂದೆ. ಸಿಪ್ಪೆ ಗಟ್ಟಿಯಾದ್ದರಿಂದ ನೀರು ಒಳಗಿಳಿಯುವುದಿಲ್ಲ. ಒಂದು ಬದಿಯನ್ನು ಕಲ್ಲಿಗೆ ಉಜ್ಜಿ, ಮೇಲೆ ಬಿಸಿನೀರು ಸುರಿದು, ಅದು ಆರುವಾಗ ಅದರಲ್ಲೇ ನೆನೆಯಲು ಬಿಡಬೇಕಂತೆ. ಅವ್ವ ಬಚ್ಚಲ ಕಲ್ಲಿನ ಮೇಲೆ ಇದ್ದಬದ್ದ ಬೀಜವನ್ನೆಲ್ಲ ಉಜ್ಜಿದಳು. ಬೆರಳ ತುದಿ ಸವೆದು ಕೆಂಪಾಯಿತು. ನನಗೆ ಕೊಡು ಎಂದರೆ, "ನೀ ಜಾಸ್ತಿ ತೇದು ಒಳಗಿನ್ ಜೀವಾನೇ ತೆಗೆದ್ಬುಡ್ತೀಯೆ, ಓಗತ್ಲಾಗೆ," ಎಂದು ಗದರಿದಳು. ಅವಳ ಮುಖ ನೋಡಿ ನನಗೂ ಆಸೆ ಹುಟ್ಟಿತು. ಹಾಳಾದ ಆಸೆ.

ನಮ್ಮ ಮನೆಯಲ್ಲಿ ಹುರುಳಿ ಮೊಳಕೆ ಕಟ್ಟಿದರೆ ಆ ಗಂಟನ್ನು ಬಚ್ಚಲ ಹಂಡೆಯ ಮುಚ್ಚಳದ ಮೇಲೆ ಇಡುವುದು ರೂಢಿ. ಆರುವ ಒಲೆಯ ಕಾವಿಗೆ ಮೊಳಕೆ ಬೇಗ ಇಣುಕುತ್ತದೆ. ಹುಣಸೆ ಬೀಜ ಹುರುಳಿಗಿಂತ ಗಟ್ಟಿ, ಮುಚ್ಚಳದ ಕಾವು ಎಲ್ಲಿ ಸಾಲುತ್ತದೆ ಎಂದುಕೊಂಡ ಅವ್ವ ರಾತ್ರಿ ಬೀಜದ ಗಂಟನ್ನು ಹಂಡೆಯ ಬಿಸಿನೀರಿಗೇ ಇಳಿಬಿಟ್ಟು ಮಲಗಿದಳು. ಯಾರಿಗೂ ಹೇಳಲಿಲ್ಲ. ಬೆಳಿಗ್ಗೆ ನನ್ನ ಹೆಂಡತಿ ಎಂದಿನಂತೆ ಸ್ನಾನಕ್ಕೆಂದು ಒಲೆ ಹಚ್ಚಿ ತೆಂಗಿನ ಮಟ್ಟೆ ತುರುಕಿದಳು. ನೀರು ಕೊತಕೊತ ಕುದಿಯಿತು.

ಗಂಟು ಬಿಚ್ಚಿ ನಾನೇ ಒಂದು ಬೀಜ ಹಿಸುಕಿ ನೋಡಿದೆ. ಹಿತಕಿದ ಅವರೆಯಂತೆ ಸಿಪ್ಪೆ ಜಾರಿತು. ಎಲ್ಲವೂ ಬೆಂದುಹೋಗಿದ್ದವು. ಹೆಂಡತಿ, "ಅಯ್ಯೋ ಅತ್ತೆ, ಒಂದ್ ಮಾತ್ ಏಳ್ಬಾರ್ದಾಗಿತ್ತಾ," ಎಂದು ತಲೆ ಚಚ್ಚಿಕೊಂಡು ಅತ್ತಳು. ಯಾರನ್ನು ಬೈಯಬೇಕೋ ತಿಳಿಯದೆ ನಾನು ಚಿಕ್ಕಪ್ಪನನ್ನು ಬೈದೆ, ಹಂಡೆಯನ್ನು ಒದ್ದೆ. ಕಾಲು ನೋಯಿತು, ಅಷ್ಟೇ.

ಸಂಜೆ ನೋಡಿದರೆ ಅವ್ವ ನಮ್ಮ ಹೊಲದ ಬದುವಿನ ಮೇಲೆ ಕುಕ್ಕರುಗಾಲಿನಲ್ಲಿ ಕೂತು, ಆ ಬೆಂದ ಬೀಜಗಳನ್ನೇ ಒಂದೊಂದಾಗಿ ಮಣ್ಣಿಗೆ ಇಳಿಸುತ್ತಿದ್ದಳು.

"ಅವು ಉಟ್ಟಕಿಲ್ಲ ಕಣವ್ವ, ಬುಡು," ಎಂದೆ.

"ನಂಗೊತ್ತಿಲ್ವಾ?" ತಲೆ ಎತ್ತಲಿಲ್ಲ. "ಆ ಕೂಸ್ನ ನಿಮ್ಮಪ್ಪ ಟವಲ್ನಲ್ಲಿ ಸುತ್ಕೊಂಡು ಓದ. ಎಂಗುಸ್ರು ಬರ್ಬಾರ್ದು ಅಂತ ನನ್ನ ಬಾಗ್ಲಲ್ಲೇ ನಿಲ್ಲುಸ್ಬುಟ್ರು. ಇವನ್ನಾದ್ರೂ ನಾನೇ ಮಣ್ ಮಾಡ್ತೀನಿ."

ಕೊನೆಯ ಬೀಜದ ಮೇಲೆ ಮಣ್ಣೆಳೆದು ಅಂಗೈಯಿಂದ ಮೆಲ್ಲಗೆ ತಟ್ಟಿದಳು. ಕತ್ತಲಾಗುತ್ತಾ ಬಂತು, ಮನೆಗೆ ಹೋಗೋಣ ಎಂದೆ. ಅವಳು ತಟ್ಟುತ್ತಲೇ ಇದ್ದಳು.